ಚಿತ್ರದ ಕಡತವೊಂದರಿಂದ ಸರ್ವರ್ ಕೈತಪ್ಪುವುದು ಹೇಗೆ?

ಪ್ರಶ್ನೆ: ಬಳಕೆದಾರರು ಕಳುಹಿಸುವ ಚಿತ್ರಗಳನ್ನು ನಾವು ಕುಗ್ಗಿಸಿ ಉಳಿಸುತ್ತೇವೆ; ಹೆಸರಿನ ಕೊನೆಯಲ್ಲಿ ಜೆಪಿಜಿ ಎಂದಿದೆಯೇ ಎಂಬುದನ್ನಷ್ಟೇ ನೋಡುತ್ತೇವೆ. ಚಿತ್ರವು ಬರಿಯ ದತ್ತಾಂಶವಲ್ಲವೇ, ಅದರಿಂದ ಅಪಾಯವೇನು?

ಉತ್ತರ 1: ದತ್ತಾಂಶವೇ ಹೌದು, ಆದರೆ ಅದನ್ನು ಬಿಡಿಸಿ ಓದುವ ಲೈಬ್ರರಿಗಳು (ಸಿದ್ಧ ಕೋಡ್ ಸಂಗ್ರಹಗಳು) ಬಹುಪಾಲು ಸಿ ಭಾಷೆಯವು; ಮೀಸಲಿಟ್ಟ ಜಾಗವನ್ನು ಮೀರಿ ಬರೆದರೂ ಆ ಭಾಷೆ ತಾನಾಗಿ ತಡೆಯುವುದಿಲ್ಲ. ಅಗಲ 65,536, ಎತ್ತರ 16,384, ಪಿಕ್ಸೆಲ್‌ಗೆ 4 ಬೈಟ್ ಎಂದು ಹೆಡರ್ (ಕಡತದ ಆರಂಭದಲ್ಲಿರುವ ವಿವರಗಳ ಭಾಗ) ಹೇಳಿದರೆ, ಗುಣಲಬ್ಧವು 32 ಬಿಟ್‌ಗಳಲ್ಲಿ ಹಿಡಿಸದೆ ಸೊನ್ನೆಯಾಗುತ್ತದೆ. ಆ ಲೆಕ್ಕವನ್ನು ನಂಬಿ ಮೆಮೊರಿ ಮೀಸಲಿಟ್ಟ ಕೋಡ್, ಅನಂತರ ಪಿಕ್ಸೆಲ್‌ಗಳನ್ನು ತನ್ನದಲ್ಲದ ಜಾಗದ ಮೇಲೆಲ್ಲ ಬರೆಯುತ್ತಾ ಹೋಗುತ್ತದೆ; ಇದನ್ನು ಬಳಸಿ ದಾಳಿಕೋರರು ತಮ್ಮ ಕೋಡ್ ನಡೆಸಬಹುದು. 2023ರ ಸೆಪ್ಟೆಂಬರ್‌ನಲ್ಲಿ ಬಯಲಾದ ಲಿಬ್‌ವೆಬ್‌ಪಿ (ವೆಬ್‌ಪಿ ಚಿತ್ರಗಳನ್ನು ಓದುವ ಲೈಬ್ರರಿ) ದೋಷವೂ ಇದೇ ಜಾತಿಯದು: ಅಲ್ಲಿ ಹಫ್‌ಮನ್ ಕೋಷ್ಟಕವು (ಕುಗ್ಗಿಸಿದ ದತ್ತಾಂಶವನ್ನು ಬಿಡಿಸಲು ಬೇಕಾದ ಸಂಕೇತಗಳ ಪಟ್ಟಿ) ಮೀಸಲಿಟ್ಟ ಜಾಗವನ್ನು ಮೀರುತ್ತಿತ್ತು. 1.3.2 ಆವೃತ್ತಿಯಲ್ಲಿ ಅದು ಸರಿಯಾಯಿತು.

ಉತ್ತರ 2: ಮೆಮೊರಿ ದೋಷವೇ ಬೇಕೆಂದಿಲ್ಲ. 2016ರಲ್ಲಿ, ಚಿತ್ರಗಳನ್ನು ಸಂಸ್ಕರಿಸುವ ತಂತ್ರಾಂಶವಾದ ಇಮೇಜ್‌ಮ್ಯಾಜಿಕ್, ಕಡತದೊಳಗಿನ ಪಠ್ಯವನ್ನು ಸರಿಯಾಗಿ ಸೋಸದೆ ಶೆಲ್ ಆದೇಶಕ್ಕೆ (ಸರ್ವರ್ ನೇರವಾಗಿ ನಡೆಸುವ ಆದೇಶಕ್ಕೆ) ಸೇರಿಸುತ್ತಿದ್ದುದು ಬೆಳಕಿಗೆ ಬಂತು. ಹೆಸರು ಜೆಪಿಜಿ ಎಂದಿದ್ದರೂ ಅದು ಒಳಗಿನ ಎಂವಿಜಿಯನ್ನು (ಅದರದೇ ಪಠ್ಯರೂಪದ ಚಿತ್ರ ಸ್ವರೂಪವನ್ನು) ಗುರುತಿಸಿ ನಡೆಸುತ್ತಿದ್ದುದರಿಂದ, ನಿಮ್ಮ ಪರಿಶೀಲನೆ (ಕ್ಷಮಿಸಿ) ಇದ್ದೂ ಇಲ್ಲದಂತೆ. ಮೊದಲ ಬೈಟ್‌ಗಳನ್ನು ನೋಡಿ ನಿಜವಾದ ಸ್ವರೂಪವನ್ನು ಗುರುತಿಸಿ, ಬೇಡದ ಸ್ವರೂಪಗಳನ್ನು ಇಮೇಜ್‌ಮ್ಯಾಜಿಕ್‌ನ ಪಾಲಿಸಿ (ನಿರ್ಬಂಧಗಳ) ಕಡತದಲ್ಲಿ ಮುಚ್ಚಿರಿ.

ಪ್ರಶ್ನಿಸಿದವರು: ನೋಡಿದೆ, ನಮ್ಮ ಪಾಲಿಸಿ ಕಡತದಲ್ಲಿ ಒಂದು ನಿರ್ಬಂಧವೂ ಇಲ್ಲ. ವ್ಯವಸ್ಥೆಯ ಲೈಬ್ರರಿಯನ್ನು ನವೀಕರಿಸಿದರೆ ಸಾಕೇ?

ಉತ್ತರ 1: ಸಾಲದು. ಇತರ ಪ್ಯಾಕೇಜ್‌ಗಳು ತಮ್ಮೊಳಗೇ ಹಳೆಯ ಪ್ರತಿಯನ್ನು ಹೊತ್ತಿರಬಹುದು, ಅವನ್ನೂ ಹುಡುಕಿ.