ಸ್ಯಾನ್ ಸ್ಟಾರ್ಮ್ ಇಟ್ಟುಕೊಳ್ಳೋದಾ, ಕೊಟ್ಟುಬಿಡೋದಾ? ಅನುಭವ ಇದ್ದವರು ಹೇಳಿ

ಶಿರಸಿ ತೋಟದಮನೆ
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 2002ರ ಸ್ಯಾನ್ ಸ್ಟಾರ್ಮ್ ಸ್ಪೋರ್ಟ್ಸ್ ಕಾರು ಇದೆ. ಎರಡೇ ಸೀಟು, ಬಟ್ಟೆಯ ಹುಡ್, ಫೈಬರ್ ಬಾಡಿ, ರೆನೋದ 1149 ಸಿಸಿ ಎಂಜಿನ್. ಗೋವಾದಿಂದ ತಂದು ಶಿರಸಿಯ ಕೆಎ 31 ನಂಬರ್ ಮಾಡಿಸಿದ್ದು. ತೋಟಕ್ಕೆ ಎಲೆಚುಕ್ಕೆ ರೋಗ ಬಂದ ಮೇಲೆ ಅಡಿಕೆ ಅರ್ಧಕ್ಕೆ ಇಳಿದಿದೆ. ಕಳೆದ ಮಳೆಗಾಲದಲ್ಲಿ ಕೊಳೆರೋಗವೂ ಸೇರಿಕೊಂಡಿತು. ಸೊಸೈಟಿ ಸಾಲ ಇದೆ, ಮಗಳ ಕಾಲೇಜು ಫೀ ಇದೆ. ಕಾರಿನ ಕ್ಲಚ್ ಹೋಗಿದೆ, ಹುಡ್ ಹರಿದಿದೆ, 2027ಕ್ಕೆ ಆರ್‌ಸಿ ಮುಗಿಯುತ್ತದೆ. ಬೆಂಗಳೂರಿನವರೊಬ್ಬರು 1,75,000 ಕೊಡುತ್ತೇನೆ ಅನ್ನುತ್ತಿದ್ದಾರೆ. ಈ ಕಾರು ನನಗೆ ಬರೀ ಕಾರಲ್ಲ, ಅಷ್ಟು ಹೇಳಬಲ್ಲೆ. ಮಾರೋದಾ, ಮುಚ್ಚಿಡೋದಾ, ಸಾಲ ಮಾಡಿ ರಿಪೇರಿ ಮಾಡಿಸೋದಾ?

ಅಂಕೋಲಾ ನಾಯಕ
ಮಾರಿದವನ ಮಾತು ಮೊದಲು ಕೇಳಿ. ನನ್ನದು 2007ರ ಮಿತ್ಸುಬಿಷಿ ಸೀಡಿಯಾ. ಎರಡು ಲೀಟರ್, 115 ಹಾರ್ಸ್‌ಪವರ್. ಅರಬೈಲ್ ಘಟ್ಟ ಹತ್ತುವಾಗ ಮೂರನೇ ಗೇರಿನಲ್ಲಿ ಎಳೆಯುವ ಎಳೆತ ಇವತ್ತಿನ ಯಾವ ಟರ್ಬೊ ಗಾಡಿಯಲ್ಲೂ ನನಗೆ ಸಿಕ್ಕಿಲ್ಲ.

ಹೆದ್ದಾರಿ ಪಕ್ಕ ನನ್ನದೊಂದು ಹೋಟೆಲ್. 2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಆಮೇಲೆ ರಸ್ತೆ ಬಂದ್. ಲಾರಿ ಇಲ್ಲ ಅಂದರೆ ನಮಗೆ ಊಟಕ್ಕೆ ಗಿರಾಕಿ ಇಲ್ಲ. ಕೆಲಸದವರಿಗೆ ಸಂಬಳ ಕೊಡಲೇಬೇಕು. ಬಾಡಿಗೆ ಕೇಳುವವರು ಬಿಡಲಿಲ್ಲ. ಕಾರು ಕೊಡೋದು ಬಿಟ್ಟು ಬೇರೆ ದಾರಿ ಇರಲಿಲ್ಲ, ಇದನ್ನು ಯಾರು ಏನೇ ಅಂದರೂ ನಾನು ಒಪ್ಪುವುದಿಲ್ಲ.

ಲೆಕ್ಕ ನೋಡಿ. ಅದೇ ವರ್ಷ ನಾನು ಹಾಕಿದ್ದು: ನಾಲ್ಕು ಟೈರ್ 26,000. ಮುಂದಿನ ಸಸ್ಪೆನ್ಶನ್ ಪೂರ್ತಿ 38,000, ಅದರಲ್ಲಿ ಲೋವರ್ ಆರ್ಮ್ ಒಂದೇ ಜೋಡಿ 17,000. ಎಸಿ ಕಂಪ್ರೆಸರ್ 22,500, ಗ್ಯಾಸ್ ಬೇರೆ. ಬ್ಯಾಟರಿ 5,800. ಮಾರುವ ಬೆಲೆ ಫೋನಿನಲ್ಲಿ ಮಾತಾಗಿದ್ದು 2,25,000. ಗಾಡಿ ತೆಗೆದುಕೊಳ್ಳಲು ಬಂದವನು ಬಾಗಿಲ ಕೆಳಗೆ ತುಕ್ಕು ಇದೆ ಅಂತ 1,40,000ಕ್ಕೆ ಇಳಿಸಿದ. ಬ್ರೋಕರ್ ಅದರಲ್ಲೇ 10,000 ಹಿಡಿದುಕೊಂಡ. ಟೈರ್, ಸಸ್ಪೆನ್ಶನ್ ಎಲ್ಲ ಅವನಿಗೆ ಪುಕ್ಕಟೆ ಹೋಯಿತು. ಆರ್‌ಸಿ ಇನ್ನೂ ನನ್ನ ಹೆಸರಿನಲ್ಲೇ ಇದೆ. ಕೇರಳದ ಕ್ಯಾಮೆರಾ ದಂಡದ ಮೆಸೇಜ್ ನನ್ನ ಮೊಬೈಲಿಗೆ ಬರುತ್ತದೆ.

ನಿಮಗೆ 1,75,000 ಅಂದವನು ಬಂದು ನಿಂತಾಗ ಎಷ್ಟು ಹೇಳುತ್ತಾನೆ ನೋಡಿ.

ಕೋಡಿಬಾಗ ಪಾಲಿಯೊ
ನಾಯಕರೇ, ಮಾಲೀಕರ ಹೆಸರು ಬದಲಿಸುವ ಫಾರ್ಮ್ 29, 30 ಎರಡಕ್ಕೂ ಸಹಿ ಹಾಕಿಸಿ, 29ರ ಒಂದು ಪ್ರತಿ ಆರ್‌ಟಿಓಗೆ ಕೊಟ್ಟಿದ್ದರೆ ಈ ಗೋಳು ಇರುತ್ತಿರಲಿಲ್ಲ.

ನಾನು ಮಾರಲಿಲ್ಲ. ಹೆಮ್ಮೆಯಿಂದಲೇ ಹೇಳುತ್ತೇನೆ. ನನ್ನದು ಫಿಯೆಟ್ ಪಾಲಿಯೊ 1.6 ಜಿಟಿಎಕ್ಸ್. 2001ರಲ್ಲಿ ಆ ಗಾಡಿ ಬಂದಾಗ ಆ ಬೆಲೆಗೆ 100 ಹಾರ್ಸ್‌ಪವರ್ ಕೊಟ್ಟವರು ಯಾರಿದ್ದರು? ಲಾಕ್‌ಡೌನಿನಲ್ಲಿ ಕೆಲಸ ಹೋಯಿತು. ಮನೆಯಲ್ಲಿ ಎಲ್ಲರೂ ಮೊದಲು ಕಾರು ಕೊಡು ಅಂದರು. ಬಂಗಾರ ಅಡವಿಟ್ಟು ಕಾರು ಉಳಿಸಿದೆ.

ಆಮೇಲಿನದ್ದೇ ದೊಡ್ಡ ಕಥೆ. ನಮ್ಮ ಮನೆ ಇರುವುದು ಕಾಳಿ ನದಿ ಸಮುದ್ರ ಸೇರುವ ಕಡೆ. ಉಪ್ಪುಗಾಳಿ ಹಗಲೂ ರಾತ್ರಿ. ಹಿಂದಿನ ಆಕ್ಸಲ್ ಕೂರುವ ಜಾಗದಲ್ಲಿ ತಗಡು ಪೇಪರಿನ ಹಾಗೆ ಆಗಿತ್ತು. ಪ್ಯಾಚ್ ವೆಲ್ಡಿಂಗ್ 14,000. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಪ್ಯಾಚಿನ ಅಂಚಿನಿಂದಲೇ ಮತ್ತೆ ತುಕ್ಕು. ಈ ಸಲ ಹುಬ್ಬಳ್ಳಿಗೆ ಒಯ್ದು ಹಳೆ ತಗಡು ಪೂರ್ತಿ ಕತ್ತರಿಸಿ ಹೊಸದು ಹಾಕಿಸಿದೆ. ಜಿಂಕ್ ಪ್ರೈಮರ್, ಮೇಲೆ ಅಂಡರ್‌ಕೋಟಿಂಗ್, ಒಟ್ಟು 41,000. ರೇಡಿಯೇಟರ್ ಹೊಸದು ಸಿಗಲಿಲ್ಲ, ಕೋರ್ ಬದಲಿಸಿದ್ದು 7,200. ಟೈಮಿಂಗ್ ಬೆಲ್ಟ್ ಮುಂಬೈಯಿಂದ ತರಿಸಿದೆ. ಮೊದಲು ಬಂದದ್ದು 1.2 ಎಂಜಿನ್ನಿನದ್ದು, ವಾಪಸ್ ಕಳಿಸಿದೆ, ಎರಡನೇದು ಸರಿ ಬಂತು. ಕೊರಿಯರ್ ಖರ್ಚು ಎರಡು ಸಲದ್ದೂ ನನ್ನದೇ. 1500 ಸಿಸಿ ಮೇಲಾದ್ದರಿಂದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮೂಲ ಪ್ರೀಮಿಯಂ 7,897, ಮೇಲೆ ಜಿಎಸ್‌ಟಿ. ತೋಟದಮನೆಯವರೇ, ನಿಮ್ಮದು 3,416ರಲ್ಲಿ ಮುಗಿಯುತ್ತದೆ, ಅದೊಂದು ನಿಮಗೆ ಅನುಕೂಲ.

ಫೈಬರ್ ಬಾಡಿ ಅಂತ ನೆಮ್ಮದಿಯಿಂದ ಇರಬೇಡಿ. ಕೆಳಗೆ ಇರೋದು ಕಬ್ಬಿಣವೇ. ಬಾಡಿ ಹೊಳೆಯುತ್ತಲೇ ಇರುತ್ತದೆ, ಚಾಸಿ ಒಳಗಿಂದ ಹೋಗಿರುತ್ತದೆ.

ಹೊನ್ನಾವರದಕ್ಕ
ಬಂಗಾರ ಯಾರದ್ದು ಅಂತ ಬರೆಯಲಿಲ್ಲ. ನಿಮ್ಮದಾ, ಹೆಂಡತಿಯದ್ದಾ?

ನಮ್ಮ ಮನೆಯವರೂ ಹೀಗೇ ಒಂದು ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಟ್ಟಿಕೊಂಡು ಕೂತಿದ್ದರು. ಟರ್ಬೊ ಹೋಯಿತು, 68,000. ಆಮೇಲೆ ಸ್ಟೀರಿಂಗ್ ರ‍್ಯಾಕ್, 45,000. ನನ್ನ ಎರಡು ಬಳೆ ಸಹಕಾರಿ ಬ್ಯಾಂಕಿನಲ್ಲಿ ಕೂತವು. ಬಡ್ಡಿ ಕಟ್ಟಿದ್ದು ನಾನು, ನನ್ನ ಟೀಚರ್ ಸಂಬಳದಲ್ಲಿ. ಕಾರು ಶೆಡ್ಡಿನಲ್ಲಿ ಇತ್ತು, ಸ್ಕೂಟಿಯಲ್ಲಿ ಶಾಲೆಗೆ ಹೋಗಿದ್ದು ನಾನು. ಕೊನೆಗೆ ನಾನೇ ಕೂತು ಮಾರಿಸಿದೆ. ಆ ದುಡ್ಡಲ್ಲಿ ಬಳೆ ಬಿಡಿಸಿಕೊಂಡೆ. ಇವತ್ತಿಗೂ ಅದು ಸರಿ ಅಂತಲೇ ಹೇಳುತ್ತೇನೆ. ಮಗಳ ಫೀ ಇದೆ ಅಂತ ನೀವೇ ಬರೆದಿದ್ದೀರಿ. ಇನ್ನೇನು ಕೇಳುವುದಿದೆ?

ಕೋಡಿಬಾಗ ಪಾಲಿಯೊ
ಅಕ್ಕಾ, ಬಂಗಾರ ನಮ್ಮ ಅಮ್ಮನದ್ದು. ಅಮ್ಮನೇ ಕೊಟ್ಟಿದ್ದು. ಬಿಡಿಸಿಯೂ ಆಯಿತು. ನಿಮ್ಮ ಮನೆಯ ಸಿಟ್ಟನ್ನು ನನ್ನ ಮೇಲೆ ತೀರಿಸಿಕೊಳ್ಳಬೇಡಿ.

ಹೊನ್ನಾವರದಕ್ಕ
ಅಮ್ಮನ ಬಂಗಾರ ಅಂದರೆ ಸಾಲ ಅಲ್ಲ ಅಂತ ಅರ್ಥವಾ? ಬಡ್ಡಿ ಎಷ್ಟು ಹೋಯಿತು, ಅದನ್ನೂ ಬರೆಯಿರಿ. ವೆಲ್ಡಿಂಗ್ 14,000, ಕೋರ್ 7,200 ಅಂತ ಪೈಸೆ ಪೈಸೆ ಬರೆದವರು ಬಡ್ಡಿ ಮಾತ್ರ ಬಿಟ್ಟಿದ್ದೀರಿ.

ಕುಮಟಾ ಶಾನಭಾಗ
ದೊಡ್ಡವರ ಮಾತು ಸ್ವಲ್ಪ ಕೇಳಿ. ನಮ್ಮ ತಂದೆಯವರ ಸ್ಟ್ಯಾಂಡರ್ಡ್ ಹೆರಾಲ್ಡ್ ನಮ್ಮಲ್ಲಿದೆ. 948 ಸಿಸಿ, ಮದ್ರಾಸಿನಲ್ಲಿ ತಯಾರಾದದ್ದು. ಇಟಲಿಯ ಮಿಕೆಲೊಟ್ಟಿ ಡಿಸೈನ್. ಬಾನೆಟ್ ಪೂರ್ತಿ ಮುಂದಕ್ಕೆ ಮಗುಚುತ್ತದೆ, ಎಂಜಿನ್ ಪಕ್ಕ ಟೈರಿನ ಮೇಲೆ ಕೂತು ಕೆಲಸ ಮಾಡಬಹುದು. ತಂದೆಯವರು ತೀರಿಕೊಂಡ ಮೇಲೆ ಅಂಗಡಿ ನಷ್ಟಕ್ಕೆ ಬಂತು. ಕಾರನ್ನು ಕೊಟ್ಟಿಗೆಗೆ ಸೇರಿಸಿ ಅಂಗಡಿ ನೋಡಿಕೊಂಡೆ. ಅಂಗಡಿ ಎದ್ದು ನಿಂತ ಮೇಲೆ ಕಾರು ರಿಪೇರಿಗೆ ಎತ್ತಿದೆ.

ಎತ್ತುವಾಗ ಆದದ್ದು: ನಾಲ್ಕೂ ವೀಲ್ ಸಿಲಿಂಡರ್ ಜಾಮ್. ಮಾಸ್ಟರ್ ಸಿಲಿಂಡರ್ ಲೇತ್‌ನಲ್ಲಿ ಸ್ಲೀವ್ ಹಾಕಿಸಿದ್ದು 3,500. ವೈರಿಂಗ್ ಪೂರ್ತಿ ಇಲಿ ತಿಂದಿತ್ತು, ಹೊಸ ಹಾರ್ನೆಸ್ ಕೈಯಲ್ಲೇ ಕಟ್ಟಿಸಿದ್ದು 18,000. ಸೀಟಿನೊಳಗೆ ಇಲಿ ಗೂಡು. ಟ್ಯಾಂಕ್ ತುಕ್ಕು ಹಿಡಿದು ತೂತು, ಅದಕ್ಕೆ 6,000. ವಿಂಡ್‌ಶೀಲ್ಡ್ ರಬ್ಬರಿಗಾಗಿ ಕೊಯಮತ್ತೂರಿನ ತನಕ ಹೋಗಿದ್ದೇನೆ. 50 ವರ್ಷ ದಾಟಿದ್ದಕ್ಕೆ ವಿಂಟೇಜ್ ನೋಂದಣಿ ಮಾಡಿಸಬಹುದು ಅಂದರು. 2021ರ ನಿಯಮದಲ್ಲಿ ಹೊಸ ನೋಂದಣಿಗೆ 20,000. ಆದರೆ ದಿನಾ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ ಇಷ್ಟಕ್ಕೇ. ನನಗೆ ಗೋಕರ್ಣಕ್ಕೆ ಹೋಗಿ ಬರಲು ಕಾರು ಬೇಕು, ಮಾಡಿಸಲಿಲ್ಲ.

ಹೊಟ್ಟೆಪಾಡು ಮೊದಲು, ಕಾರು ಆಮೇಲೆ. ಆದರೆ ಕೊಡಬೇಡಿ.

ಭಟ್ಕಳ ರೇಸರ್
ಶಾನಭಾಗರೇ, ಹೆರಾಲ್ಡ್ ಒಳ್ಳೇ ಕಾರು ಇರಬಹುದು. ಸ್ಪೋರ್ಟ್ಸ್ ಕಾರು ಹೇಗಾಗುತ್ತದೆ? ಹಾಗೆ ನೋಡಿದರೆ ಸ್ಟಾರ್ಮ್ ಕೂಡ 60 ಹಾರ್ಸ್‌ಪವರ್. ನನ್ನ ಸ್ವಿಫ್ಟ್ ಅದಕ್ಕಿಂತ ಜೋರು ಓಡುತ್ತದೆ. 60 ಹಾರ್ಸ್‌ಪವರ್‌ಗೆ ಇಷ್ಟೊಂದು ಕಣ್ಣೀರು ಯಾಕೆ?

ಶಿರಸಿ ತೋಟದಮನೆ
ತಮ್ಮಾ, ಮಳೆ ನಿಂತ ಮೇಲೆ ಹುಡ್ ತೆಗೆದು ಸಿದ್ದಾಪುರದ ಕಡೆ ಒಂದು ಸುತ್ತು ಹೋಗಿ ಬಂದವರಿಗೆ ಹಾರ್ಸ್‌ಪವರ್ ಲೆಕ್ಕ ಬೇಕಾಗುವುದಿಲ್ಲ. ನಾನು ಕೇಳಿದ್ದು ಬೇರೆ.

ಕುಮಟಾ ಶಾನಭಾಗ
ರೇಸರೇ, ಹೆರಾಲ್ಡಿನ ಚಾಸಿ ಮೇಲೇ ಟ್ರಯಂಫ್‌ನವರು ಸ್ಪಿಟ್‌ಫೈರ್ ಕಟ್ಟಿದ್ದು. ಅದು ಸ್ಪೋರ್ಟ್ಸ್ ಕಾರು ಹೌದೋ ಅಲ್ಲವೋ, ಓದಿಕೊಂಡು ಬನ್ನಿ.

ಯಲ್ಲಾಪುರ ಗ್ಯಾರೇಜ್
ಮೂವತ್ತು ವರ್ಷದಿಂದ ಇದೇ ಕೆಲಸ ನನ್ನದು. ಇಲ್ಲಿ ಎಲ್ಲರೂ ಅವರವರ ಕಾರಿನ ಕಥೆ ಹೇಳಿದಿರಿ. ಮುಚ್ಚಿಡುವುದು ಹೇಗೆ ಅಂತ ಯಾರೂ ಹೇಳಲಿಲ್ಲ.

ನಮ್ಮ ಕಡೆ ಮಳೆಗೆ ಗಾಡಿ ನಿಲ್ಲಿಸುವುದು ಅಂದರೆ ಮೇಲೆ ತಾಡಪಾಲು ಹೊದೆಸಿ ಕಟ್ಟುವುದು ಅಂತ ಜನ ತಿಳಿದಿದ್ದಾರೆ. ಅದು ಕಾರನ್ನು ಕೊಲ್ಲುತ್ತದೆ. ಒಳಗಿನ ತೇವ ಹೊರಗೆ ಹೋಗಲು ದಾರಿ ಇಲ್ಲ. ಬಟ್ಟೆ ಹುಡ್ಡಿಗೆ ಬೂಷ್ಟು ಬರುತ್ತದೆ, ಒಳಗಿನ ಕಾರ್ಪೆಟ್ ಕೊಳೆಯುತ್ತದೆ. ಗಾಳಿ ಆಡುವ ಶೆಡ್ ಬೇಕು. ನೆಲ ಮಣ್ಣಿನದಾದರೆ ಕೆಳಗಿನಿಂದ ತೇವ ಏಳುತ್ತದೆ, ಕಾಂಕ್ರೀಟ್ ಬೇಕು. ನಾಲ್ಕೂ ಕಡೆ ಸ್ಟ್ಯಾಂಡ್ ಕೊಟ್ಟು ಟೈರ್ ನೆಲದಿಂದ ಎತ್ತಿ. ಬ್ಯಾಟರಿ ಬಿಚ್ಚಿ ಮನೆಯೊಳಗೆ ಇಡಿ. ಹ್ಯಾಂಡ್‌ಬ್ರೇಕ್ ಹಾಕಬೇಡಿ, ಶೂ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಕ್ಲಚ್ ಹೇಗೂ ಹೋಗಿದೆ ಅಂದಿರಿ, ಒಳ್ಳೇದೇ ಆಯಿತು. ಗೇರ್‌ಬಾಕ್ಸ್ ಇಳಿಸಿ ಹಳೇ ಪ್ಲೇಟ್ ತೆಗೆದಿಡಿ, ನಡುವಿನ ತೂತಿನ ಸ್ಪ್ಲೈನ್ ಎಷ್ಟು ಹಲ್ಲು, ವ್ಯಾಸ ಎಷ್ಟು ಅಳೆದರೆ ಹೊಂದುವ ಪ್ಲೇಟ್ ಹುಡುಕಬಹುದು. ಸಿಗದಿದ್ದರೆ ಹಳೇ ಪ್ಲೇಟಿಗೇ ಲೈನಿಂಗ್ ಹಾಕಿಸಬಹುದು. ನಮ್ಮಲ್ಲಿ ಅದಕ್ಕೆ 2,500 ಒಳಗೆ ಆಗುತ್ತದೆ. ತಯಾರಿಕೆ ನಿಂತುಹೋದ ಕಾರಿಗೆ ಅಳತೆಯೇ ಪಾರ್ಟ್ ನಂಬರು.

ಟ್ಯಾಂಕ್ ಪೂರ್ತಿ ತುಂಬಿಸಿಡಿ. ಖಾಲಿ ಜಾಗ ಇದ್ದರೆ ಒಳಗೆ ಹನಿ ಕಟ್ಟಿ ತುಕ್ಕು ಹಿಡಿಯುತ್ತದೆ.

ಕೋಡಿಬಾಗ ಪಾಲಿಯೊ
ಅಣ್ಣಾ, ಅದು ಹಳೇ ಪೆಟ್ರೋಲಿನ ಕಾಲದ ಮಾತು. ಈಗ ಬರುತ್ತಿರುವುದು ಇ20. ನೂರಕ್ಕೆ 20 ಎಥೆನಾಲ್. ಅದು ಗಾಳಿಯ ನೀರನ್ನು ಹೀರಿಕೊಳ್ಳುತ್ತದೆ. ಜಾಸ್ತಿ ನೀರು ಸೇರಿದರೆ ಎಥೆನಾಲ್, ನೀರು ಎರಡೂ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳದಲ್ಲಿ ಕೂರುತ್ತವೆ. ಪಂಪು ಮೊದಲು ಎಳೆಯುವುದು ಅದನ್ನೇ. ನನ್ನ ಫ್ಯೂಯೆಲ್ ಪಂಪ್ ಹೋಗಿದ್ದು ಹೀಗೇ, 9,400. ಹಳೇ ರಬ್ಬರ್ ಪೈಪು ಉಬ್ಬಿಕೊಂಡು ಹನಿ ಹನಿ ಸೋರುತ್ತಿತ್ತು. ನಾನು ಹೇಳುವುದು: ಟ್ಯಾಂಕಿನ ಪೆಟ್ರೋಲ್ ಪೂರ್ತಿ ಇಳಿಸಿ, ಒಣಗಿಸಿ, ಪೈಪು ಬದಲಿಸಿ.

ಯಲ್ಲಾಪುರ ಗ್ಯಾರೇಜ್
ಒಣಗಿಸಿದ ತಗಡು ಟ್ಯಾಂಕ್ ನಮ್ಮ ಮಳೆಗಾಲದಲ್ಲಿ ಎಷ್ಟು ದಿನ ಒಣಗಿರುತ್ತದೆ? ಶಾನಭಾಗರ ಟ್ಯಾಂಕ್ ತೂತಾದದ್ದು ಯಾಕೆ ಅಂತ ಅವರನ್ನೇ ಕೇಳಿ. ಪುಸ್ತಕ ಓದಿ ನನಗೆ ಕಲಿಸಬೇಡಿ.

ಕೋಡಿಬಾಗ ಪಾಲಿಯೊ
ಪುಸ್ತಕ ಅಲ್ಲ, 9,400 ಬಿಲ್ ನನ್ನ ಕೈಯಲ್ಲಿದೆ.

ಅಂಕೋಲಾ ನಾಯಕ
ಕೋಡಿಬಾಗದವರು ಗಡಿ ದಾಟಿ ಗೋವಾದಲ್ಲಿ ಪೆಟ್ರೋಲ್ ಹಾಕಿಸುವವರು. ಅಲ್ಲಿ ಲೀಟರಿಗೆ ಕಡಿಮೆ ಅಂತ ಹೋಗುವುದು, ಕೆಟ್ಟರೆ ಎಥೆನಾಲ್ ಮೇಲೆ ಹಾಕುವುದು.

ಕೋಡಿಬಾಗ ಪಾಲಿಯೊ
ಗೋವಾದಲ್ಲೂ ಇ20, ಕಾರವಾರದಲ್ಲೂ ಇ20. ಕಾಳಿ ಹಳೇ ಸೇತುವೆ 2024ರ ಆಗಸ್ಟ್‌ನಲ್ಲಿ ಬಿದ್ದ ಮೇಲೆ ಒಂದೇ ಸೇತುವೆಯಲ್ಲಿ ಎರಡೂ ಕಡೆ ವಾಹನ. ಅಲ್ಲಿ ಕಾದು ನಿಂತು ಪೆಟ್ರೋಲಿಗೆ ಹೋಗುವಷ್ಟು ಪುರುಸೊತ್ತು ನನಗಿಲ್ಲ. ನಿಮ್ಮ ಗಾಡಿ ಕಡಿಮೆಗೆ ಹೋಯಿತು ಅಂತ ಉಳಿಸಿಕೊಂಡವರ ಮೇಲೆ ಹೊಟ್ಟೆ ಉರಿದುಕೊಳ್ಳಬೇಡಿ.

ಅಂಕೋಲಾ ನಾಯಕ
ಗುಡ್ಡ ನಿಮ್ಮ ಮನೆ ಮುಂದೆ ಕುಸಿದಿದ್ದರೆ ಮಾತು ಬೇರೆ ಇರುತ್ತಿತ್ತು. ನಾನು ನಾಲ್ಕು ಜನ ಕೆಲಸದವರನ್ನು ಉಳಿಸಿಕೊಂಡಿದ್ದೇನೆ. ಅವರು ಇವತ್ತಿಗೂ ನನ್ನ ಹೋಟೆಲಿನಲ್ಲೇ ಇದ್ದಾರೆ.

ಹೊನ್ನಾವರದಕ್ಕ
ನಾಯಕರ ಈ ಮಾತಿಗೆ ನಾನು ಕೈ ಮುಗಿದೆ. ಉಳಿದವರು ಸುಮ್ನೆ ಪೈಪು, ಪಂಪು ಅಂತ ಜಗಳ ಮಾಡುತ್ತಿದ್ದೀರಿ.

ಶಿರಸಿ ತೋಟದಮನೆ
ಎಲ್ಲರಿಗೂ ಋಣಿ. ಬೆಂಗಳೂರಿನವರಿಗೆ ಸದ್ಯಕ್ಕೆ ಇಲ್ಲ ಅಂದೆ. 1,75,000ದಲ್ಲಿ ಸೊಸೈಟಿ ಸಾಲವೂ ತೀರುವುದಿಲ್ಲ, ಕಾರೂ ಇರುವುದಿಲ್ಲ. ಮಗಳ ಫೀಗೆ ಹಳೇ ಚಾಲಿ ಅಡಿಕೆ ಸ್ವಲ್ಪ ಇದೆ, ಅದನ್ನು ಕೊಡುತ್ತೇನೆ. ಈ ಮಳೆಗಾಲಕ್ಕೆ ಮೊದಲ ಖರ್ಚು ತೋಟಕ್ಕೆ ಹೊಡೆಯುವ ಕೊಳೆರೋಗದ ಬೋರ್ಡೋ ಔಷಧಿಗೆ. ಕಾರು ಶೆಡ್ಡಿಗೆ. ಯಲ್ಲಾಪುರದವರೇ, ಕ್ಲಚ್ ಪ್ಲೇಟ್ ತೆಗೆಸಿ ತರುತ್ತೇನೆ, ನೋಡಿ ಕೊಡಿ. ಆರ್‌ಸಿ ಬಗ್ಗೆ ಯಾರೂ ಹೇಳಲಿಲ್ಲ. 20 ವರ್ಷ ದಾಟಿದ ಗಾಡಿಗೆ ಫೀ ಈಗ ಎಷ್ಟು?

ಕುಮಟಾ ಶಾನಭಾಗ
2025ರ ಆಗಸ್ಟ್‌ನಲ್ಲಿ ಹೆಚ್ಚಿಸಿದ್ದಾರೆ. 20 ವರ್ಷ ಮೀರಿದ ಕಾರಿಗೆ ನವೀಕರಣ 10,000. ಹಸಿರು ತೆರಿಗೆ ಬೇರೆ. ಗಾಡಿಯನ್ನು ತೋರಿಸಲು ಒಯ್ಯಬೇಕು, ಆದ್ದರಿಂದ ಅಷ್ಟರೊಳಗೆ ಬ್ರೇಕು, ಲೈಟು, ಹಾರ್ನು ಸರಿ ಇರಬೇಕು. ಹುಡ್ ಹರಿದದ್ದನ್ನು ಕುಮಟಾದಲ್ಲಿ ಜೀಪಿನ ಹುಡ್ ಹೊಲಿಯುವವರ ಹತ್ತಿರ ಹೊಲಿಸಬಹುದು. ಹಳೇದನ್ನು ಎಸೆಯಬೇಡಿ, ಅಳತೆಗೆ ಬೇಕಾಗುತ್ತದೆ.

ಯಲ್ಲಾಪುರ ಗ್ಯಾರೇಜ್
ತನ್ನಿ. ಪ್ಲೇಟ್ ಒಂದೇ ಅಲ್ಲ, ರಿಲೀಸ್ ಬೇರಿಂಗೂ ತನ್ನಿ. ಟ್ಯಾಂಕ್ ತುಂಬಿಸಿಕೊಂಡೇ ಶೆಡ್ಡಿಗೆ ಹಾಕಿ.

ಕೋಡಿಬಾಗ ಪಾಲಿಯೊ
ತುಂಬಿಸಬೇಡಿ.