ಓಮ್ನಿಗೆ ಗ್ಯಾಸ್ ಕಿಟ್: ಹಾಕಿಸೋ ಮೊದಲು ಏನೇನು ನೋಡ್ಬೇಕು?

ಬೇಲೂರಿಂದ ಪ್ರಶ್ನೆ: 2012ರ ಓಮ್ನಿ, ಪೆಟ್ರೋಲ್, ಎಂಪಿಎಫ್‌ಐ (ಕಾರ್ಬ್ಯುರೇಟರ್ ಅಲ್ಲ, ಇಂಜೆಕ್ಟರ್ ಇರೋದು). ದಿನಾ ಹಾಸನಕ್ಕೆ ಹೋಗಿಬರೋಕೆ ಹತ್ರಹತ್ರ 80 ಕಿ.ಮೀ. ಎಲ್‌ಪಿಜಿ ಕಿಟ್ ಗಿಟ್ಟುತ್ತಾ? ಗೊತ್ತಿರೋರು ಹೇಳಿ.

ಹಾಸನದಿಂದ ಉತ್ತರ: ಮೊದಲು ಲೆಕ್ಕ ಹಾಕಿ ಅಣ್ಣ. ಪೆಟ್ರೋಲಲ್ಲಿ ಲೀಟರಿಗೆ 15 ಕೊಡೋ ಗಾಡಿ ಗ್ಯಾಸಲ್ಲಿ 12ರ ಆಸುಪಾಸು ಕೊಡುತ್ತೆ. ಗ್ಯಾಸ್ ರೇಟು ಪೆಟ್ರೋಲ್ ರೇಟಿನ ನೂರಕ್ಕೆ 80ರೊಳಗೆ ಇದ್ರೆ ಮಾತ್ರ ಉಳಿತಾಯ. 30 ಲೀಟರ್ ಟ್ಯಾಂಕಿಗೆ ಹಿಡಿಯೋದು 24 ಲೀಟರೇ. ಬಿಸಿಲಿಗೆ ದ್ರವ ಹಿಗ್ಗೋಕೆ ಜಾಗ ಬೇಕಲ್ಲ, ಅದಕ್ಕೆ ಮಲ್ಟಿವಾಲ್ವ್ (ಗ್ಯಾಸ್ ಟ್ಯಾಂಕಿನ ಮೇಲೆ ಕೂರೋ ಸುರಕ್ಷತಾ ವಾಲ್ವ್) ಶೇ 80ಕ್ಕೇ ಮುಚ್ಕೊಳ್ಳುತ್ತೆ. ನಿಮ್ಮ ಓಡಾಟಕ್ಕೆ ಮೂರು ದಿನ ಬಂತು. ದಾರಿಯಲ್ಲೇ ಆಟೋ ಎಲ್‌ಪಿಜಿ ಬಂಕ್ ಇಲ್ಲದಿದ್ರೆ ಆಸೆ ಬಿಡಿ.

ಚಿಕ್ಕಮಗಳೂರು: ಹಾಕಿಸೋದಾದ್ರೆ ಸೀಕ್ವೆನ್ಶಿಯಲ್ ಕಿಟ್ಟೇ ಹಾಕ್ಸಿ ಮಾರಾಯ್ರೆ, ಅದು ಒಂದೊಂದು ಸಿಲಿಂಡರಿಗೂ ಬೇರೆಬೇರೆ ಇಂಜೆಕ್ಟರಿಂದ ಗ್ಯಾಸ್ ಬಿಡುತ್ತೆ. ಗಾಳಿಗೇ ಗ್ಯಾಸ್ ಬೆರೆಸಿ ಕಳಿಸೋ ಮಿಕ್ಸರ್ ಕಿಟ್ ಅಗ್ಗ, ಆದ್ರೆ ಮ್ಯಾನಿಫೋಲ್ಡ್ (ಇಂಜಿನ್ನಿಗೆ ಗಾಳಿ ಹೋಗೋ ಕೊಳವೆ) ತುಂಬಾ ಗ್ಯಾಸ್ ನಿಂತಿರುತ್ತೆ. ಹಳೇ ಪ್ಲಗ್ ವೈರಿಂದ ಕಿಡಿ ತಪ್ಪಿ ಒಂದು ಮಿಸ್‌ಫೈರ್ ಆದ್ರೂ ಆ ಗ್ಯಾಸಿಗೆ ಬೆಂಕಿ ಹತ್ತಿ, ಬ್ಯಾಕ್‌ಫೈರ್ ಹೊಡೆದು ಏರ್‌ಕ್ಲೀನರ್ ಡಬ್ಬಿ ಸೀಳುತ್ತೆ. ಯಾವ ಕಿಟ್ಟಾದ್ರೂ ಪ್ಲಗ್, ವೈರ್ ಹೊಸದಿರಲಿ, ಗ್ಯಾಪ್ 0.7–0.8 ಮಿ.ಮೀ. ಸಾಕು.

ರೆಡ್ಯೂಸರ್ (ಇಂಜಿನ್ನಿನ ಬಿಸಿನೀರಿನ ಶಾಖದಿಂದ ದ್ರವವನ್ನ ಗ್ಯಾಸ್ ಮಾಡೋ ಭಾಗ) ಕೂರೋ ಜಾಗ ರೇಡಿಯೇಟರ್ ಮೇಲ್ಮಟ್ಟಕ್ಕಿಂತ ಕೆಳಗಿರ್ಬೇಕು, ಇಲ್ಲಾಂದ್ರೆ ಗಾಳಿ ಸಿಕ್ಕಿಕೊಂಡು ಬಿಸಿನೀರು ಸುತ್ತಲ್ಲ. ದ್ರವ ಆವಿಯಾಗುವಾಗ ಶಾಖ ಎಳ್ಕೊಳ್ಳೋದ್ರಿಂದ ಹಿಮ ಕಟ್ಟಿ ಗಾಡಿ ನಿಂತೇಬಿಡುತ್ತೆ. ಹಿಂದೆ ಯಾರಾದ್ರೂ ಇಂಜಿನ್ ನೀರನ್ನ ಬೇಗ ಬಿಸಿಯಾಗೋಕೆ ಬಿಡೋ ಥರ್ಮೋಸ್ಟಾಟ್ ಕಿತ್ತೆಸೆದಿದ್ರೆ (ನಮ್ಮ ಕಡೆ ಅದೊಂದು ರೋಗ) ವಾಪಸ್ ಹಾಕ್ಸಿ. ನೀರು 40 ಡಿಗ್ರಿ ಹತ್ರ ಬಂದ್ಮೇಲೇ ಇಸಿಯು (ಕಿಟ್ಟಿನ ಕಂಪ್ಯೂಟರ್) ಗ್ಯಾಸಿಗೆ ಬದಲಾಯಿಸೋದು. ಥರ್ಮೋಸ್ಟಾಟ್ ಇಲ್ಲದಿದ್ರೆ ಚಳಿಗಾಲದ ಬೆಳಗ್ಗೆ ಇನ್ನಷ್ಟು ದೂರ ಪೆಟ್ರೋಲಲ್ಲೇ ಓಡಿಸ್ಬೇಕಾಗುತ್ತೆ.

ಟ್ಯಾಪೆಟ್, ಅಂದ್ರೆ ಇಂಜಿನ್ ವಾಲ್ವಿನ ಗ್ಯಾಪ್, 10,000 ಕಿ.ಮೀ.ಗೊಮ್ಮೆ ನೋಡ್ಸಿ. ವಾಲ್ವ್ ಸೀಟ್ ಸವೆದಂಗೆ ಗ್ಯಾಪ್ ಮುಚ್ಚುತ್ತಾ ಬರುತ್ತೆ, ಇಂಜಿನ್ ಸದ್ದು ಇನ್ನೂ ಕಮ್ಮಿಯಾಗುತ್ತೆ. ಸದ್ದಿಲ್ಲ ಅಂತ ಖುಷಿಪಡೋ ಹೊತ್ತಿಗೆ ವಾಲ್ವ್ ಸುಟ್ಟಿರುತ್ತೆ.

ಸಕಲೇಶಪುರ: ಪೆಟ್ರೋಲ್ ಕಾಲು ಟ್ಯಾಂಕ್ ಇಟ್ಟಿರಿ. ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪ್ ತಣ್ಣಗಾಗೋದೇ ಪೆಟ್ರೋಲಲ್ಲಿ ಮುಳುಗಿದ್ರೆ.

ಹಾಸನ: ಕಾಗದಪತ್ರ ಮರೀಬೇಡಿ. ಕಿಟ್ಟಿನ ಮಂಜೂರಾತಿ ಪತ್ರದ ನಕಲು ಫಿಟ್ಟರ್ ಹತ್ರ ಇಸ್ಕೊಳ್ಳಿ. ಆರ್‌ಟಿಓದಲ್ಲಿ ಆರ್‌ಸಿಗೆ ಎಲ್‌ಪಿಜಿ ಸೇರಿಸ್ಕೊಂಡು ಇನ್ಶೂರೆನ್ಸಿಗೂ ತಿಳಿಸಿ. ಟ್ಯಾಂಕ್‌ಗೆ 5 ವರ್ಷಕ್ಕೊಮ್ಮೆ ಪರೀಕ್ಷೆ ಇದೆ. ಮನೆ ಸಿಲಿಂಡರ್ ಹಾಕೋ ಯೋಚನೆ ಇದ್ರೆ ಇಲ್ಲೇ ಬಿಡಿ, ಅದು ಕಾನೂನುಬಾಹಿರ. ಅದಕ್ಕೆ ಮಲ್ಟಿವಾಲ್ವೂ ಇರಲ್ಲ.

ಬೇಲೂರು: ವ್ಯಾನಿಗೆ ಬೇರೆ ಡಿಕ್ಕಿ ಇಲ್ವಲ್ಲ, ಟ್ಯಾಂಕ್ ನಮ್ಮ ಬೆನ್ನಿಗೇ ಇರುತ್ತೆ. ವಾಸನೆ ಬಂದ್ರೆ?

ಚಿಕ್ಕಮಗಳೂರು: ಮಲ್ಟಿವಾಲ್ವ್ ಮೇಲೆ ಗಾಳಿ ಆಡದ ಡಬ್ಬಿ ಇರುತ್ತೆ, ಅದರ ಹೋಸ್ ನೆಲದಾಚೆ ಹೊರಗೆ ಬಂದಿದೆಯಾ ಅಂತ ಡೆಲಿವರಿ ದಿನ ಬಗ್ಗಿ ನೋಡಿ. ಪ್ರತಿ ಜಾಯಿಂಟಿಗೂ ಸೋಪಿನ ನೀರು ಹಾಕ್ಸಿ. ವಾಸನೆ ಬಂದ್ರೆ ಪಕ್ಕಕ್ಕೆ ನಿಲ್ಲಿಸಿ, ಇಗ್ನಿಷನ್ ಆಫ್ ಮಾಡಿ, ಎಲ್ಲರೂ ಇಳೀರಿ. ಗಾಜು ಇಳಿಸಿದ್ರೆ ಸಾಲದು: ಗ್ಯಾಸ್ ಗಾಳಿಗಿಂತ ಭಾರ, ಕೆಳಗೇ ಕೂತಿರುತ್ತೆ, ಬಾಗಿಲುಗಳನ್ನೇ ತೆಗೀಬೇಕು. ಆಮೇಲೆ ಟ್ಯಾಂಕಿನ ಕೈವಾಲ್ವ್ ತಿರುಗಿಸಿ ಮುಚ್ಚಿ. ಅದು ಯಾವ ಕಡೆ ತಿರುಗುತ್ತೆ ಅನ್ನೋದನ್ನ ಫಿಟ್ಟರ್ ಎದುರೇ ಒಂದ್ಸಲ ತಿರುಗಿಸಿ ನೋಡ್ಕೊಂಡೇ ಗಾಡಿ ತಗೊಳ್ಳಿ.