ಹದಿನಾಲ್ಕು ಜನರ ಒಂದು ಕಥಾಸಂಕಲನ: ಸಂಪಾದಕರಿಗೆ ಕೆಲವು ಪ್ರಶ್ನೆಗಳು

ಪ್ರಶ್ನೆ (ಶಿವಮೊಗ್ಗದ ಸದಸ್ಯೆಯೊಬ್ಬರಿಂದ): ನಾವು ಹದಿನಾಲ್ಕು ಮಂದಿ ಎರಡು ವರ್ಷಗಳಿಂದ ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರಿ ಕಥೆ ಓದುತ್ತಿದ್ದೇವೆ. ನಮ್ಮಲ್ಲಿ ಶಿಕ್ಷಕಿಯರಿದ್ದಾರೆ, ಬ್ಯಾಂಕ್ ನೌಕರರಿದ್ದಾರೆ, ಅಡಿಕೆ ತೋಟದವರೊಬ್ಬರಿದ್ದಾರೆ. ಯಾರದೂ ಇದುವರೆಗೆ ಪುಸ್ತಕ ಬಂದಿಲ್ಲ. ಈಗ ತಲಾ 3,000 ರೂಪಾಯಿ ಹಾಕಿ, ತಲಾ ಒಂದು ಕಥೆಯಂತೆ ನಾವೇ ಒಂದು ಸಂಕಲನ ಪ್ರಕಟಿಸಬೇಕೆಂದಿದ್ದೇವೆ. ಮುಂದಿನ ತಿಂಗಳು ಹಣ ಸಂಗ್ರಹಿಸುವವರಿದ್ದೇವೆ. ಆಮೇಲೆ ಏನು ಮಾಡಬೇಕು?

ಉತ್ತರ: ದಯವಿಟ್ಟು ಮುಂದಿನ ತಿಂಗಳು ಹಣ ಸಂಗ್ರಹಿಸಬೇಡಿ. ಇಪ್ಪತ್ತೆರಡು ವರ್ಷಗಳಿಂದ ಹಸ್ತಪ್ರತಿ ತಿದ್ದುವುದು ಮತ್ತು ಪುಟವಿನ್ಯಾಸ ಮಾಡುವುದೇ ನನ್ನ ವೃತ್ತಿಯಾಗಿದ್ದು, ಹಲವು ಲೇಖಕರು ಸೇರಿ ತಂದ ಆರು ಸಂಕಲನಗಳು ನನ್ನ ಕೈಯಿಂದ ಹೋಗಿವೆ. ಅವುಗಳಲ್ಲಿ ಎಡವಿದ್ದು ಯಾವುದೆಂದು ನೋಡಿದರೆ, ಹಣ ಮೊದಲು ಬಂದು ಕಥೆ ಆಮೇಲೆ ಬಂದವುಗಳೇ. ಹಣ ಕೊಟ್ಟ ಕೂಡಲೇ ಆ ಕಥೆಗೆ ಪುಸ್ತಕದಲ್ಲಿ ಸೀಟು ಕಾದಿರಿಸಿದಂತಾಗುತ್ತದೆ. ಬಳಿಕ ಸಂಪಾದಕರು ‘ಇದು ಇನ್ನೂ ಮಾಗಿಲ್ಲ’ ಎಂದರೆ, ‘ಪಾಲು ಕೊಟ್ಟಿದ್ದೇನಲ್ಲ’ ಎಂಬ ಮಾತು ಬಾಯಿಗೆ ಬಾರದಿದ್ದರೂ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಹಾಗೆ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಒಂದು ಕಥೆಯನ್ನು ತಿದ್ದದೆ ಬಿಟ್ಟ ಸಂಕಲನವೊಂದರಲ್ಲಿ ನಾನೂ ಕೆಲಸ ಮಾಡಿದ್ದೆ. ಪುಸ್ತಕ ಬಂದ ಮೇಲೆ ಓದಿದವರು ಮೊದಲು ಎತ್ತಿದ್ದು ಅದೇ ಕಥೆಯ ಮಾತನ್ನು, ಮತ್ತು ಅದರಿಂದ ಹೆಚ್ಚು ನೊಂದವರು ಆ ಕಥೆಯ ಲೇಖಕರೇ.

ಆದ್ದರಿಂದ ಕಥೆ, ಸಂಪಾದನೆ, ಲಿಖಿತ ಒಪ್ಪಂದ, ಕೊನೆಗೆ ಹಣ ಎಂಬ ಕ್ರಮವನ್ನು ಇಟ್ಟುಕೊಳ್ಳಿ. ಪ್ರತಿಯೊಬ್ಬರೂ ಎರಡೆರಡು ಕಥೆ ಕೊಡಲಿ. ಹೆಸರು ತೆಗೆದ ಪ್ರತಿಗಳನ್ನು ನಿಮ್ಮ ಬಳಗದ ಹೊರಗಿನ ಒಬ್ಬರು ಓದಿ ಒಂದನ್ನು ಆರಿಸಲಿ. ಆರಿಸಿದ ಕಥೆಯನ್ನು ಗೊತ್ತಾದ ದಿನದೊಳಗೆ ತಿದ್ದಿ ಕೊಟ್ಟವರು ಈ ಸಂಕಲನದಲ್ಲಿರಲಿ, ಆಗದವರು ಮುಂದಿನದಕ್ಕೆ ಉಳಿಯಲಿ. ಸಂಪಾದಕರ ಕಥೆ ಆ ಪುಸ್ತಕದಲ್ಲಿ ಇರಬಾರದು. ತಮ್ಮ ಕಥೆಯನ್ನೂ ಇತರರ ಕಥೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾದ ಸಂಕಟಕ್ಕೆ ಯಾರನ್ನೂ ದೂಡಬೇಡಿ. ಅವರಿಗೆ ಸಂಭಾವನೆಯನ್ನೂ ಕೊಡಿ, ಸಣ್ಣ ಮೊತ್ತವಾದರೂ ಸರಿ.

ಪ್ರಶ್ನೆ (ಅದೇ ಸದಸ್ಯೆ): ಸಂಪಾದನೆಯೆಂದರೆ ಕಾಗುಣಿತ ತಿದ್ದುವುದು ಎಂದುಕೊಂಡಿದ್ದೆವು. ಅದಕ್ಕಿಂತ ಹೆಚ್ಚಿನದೇನು?

ಉತ್ತರ: ಒಂದು ಉದಾಹರಣೆ ಕೊಡುತ್ತೇನೆ. ಒಬ್ಬರ ಕಥೆ ಹೀಗೆ ಆರಂಭವಾಗಿತ್ತು: ‘ಅಂದು ಸಂಜೆ ಸೂರ್ಯನು ಪಡುವಣದಲ್ಲಿ ಕೆಂಪು ಚೆಲ್ಲಿ ಮುಳುಗುತ್ತಿರಲು ಸಾವಿತ್ರಮ್ಮನ ಮನದಲ್ಲಿ ನೂರಾರು ಯೋಚನೆಗಳು ಸುಳಿದಾಡುತ್ತಿದ್ದವು.’ ಮೂರನೆಯ ಪ್ಯಾರಾದ ನಡುವೆ ಈ ವಾಕ್ಯವಿತ್ತು: ‘ಮಗನ ಚಪ್ಪಲಿಯನ್ನು ಸಾವಿತ್ರಮ್ಮ ಒಳಗೆ ತಂದಿಟ್ಟಳು, ಅವನು ಹೋಗಿ ಆರು ದಿನವಾಗಿತ್ತು.’ ಕಥೆಯನ್ನು ಈ ವಾಕ್ಯದಿಂದಲೇ ತೆರೆಯಬಹುದೇ ಎಂದು ಪ್ರತಿಯ ಅಂಚಿನಲ್ಲಿ ಪೆನ್ಸಿಲ್‌ನಿಂದ ಕೇಳಿದೆ, ಹಳೆಯ ಆರಂಭವನ್ನು ನಾನೇ ಹೊಡೆದುಹಾಕಲಿಲ್ಲ. ಒಂದು ವಾರ ಅವರು ನನ್ನ ಫೋನ್ ತೆಗೆಯಲಿಲ್ಲ. ಆಮೇಲೆ ಸೂರ್ಯನನ್ನು ಬಿಟ್ಟು, ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿದ್ದನ್ನು ತಾವೇ ಸೇರಿಸಿ ಕಳುಹಿಸಿದರು. ಸಂಪಾದನೆಯೆಂದರೆ ಇದು. ಸಂಪಾದಕರು ಕೇಳಬೇಕು, ಲೇಖಕರು ಬರೆಯಬೇಕು.

ಕಾಗುಣಿತದ ಕೆಲಸವೂ ಕಡಿಮೆಯಲ್ಲ. ಹದಿನಾಲ್ಕು ಕೈಗಳಲ್ಲಿ ‘ಕಥೆ–ಕತೆ’, ‘ಎರಡನೇ–ಎರಡನೆಯ’, ‘ಆದ್ದರಿಂದ–ಆದುದರಿಂದ’ ಎಲ್ಲವೂ ಬರುತ್ತವೆ. ನಿರೂಪಣೆಯಲ್ಲಿ ಯಾವುದನ್ನು ಬಳಸಬೇಕೆಂದು ಒಂದೇ ಪುಟದ ಪಟ್ಟಿ ಮಾಡಿ ಎಲ್ಲರಿಗೂ ಹಂಚಿ. ಆದರೆ ಆ ಪಟ್ಟಿಯನ್ನು ಸಂಭಾಷಣೆಯ ಮೇಲೆ ಹೇರಬೇಡಿ. ಧಾರವಾಡದ ಪಾತ್ರವೊಂದು ‘ನಾ ಹೊಂಟೀನಿ’ ಎಂದರೆ ಅದನ್ನು ‘ನಾನು ಹೊರಟಿದ್ದೇನೆ’ ಎಂದು ತಿದ್ದುವುದು ಆ ಪಾತ್ರದ ನಾಲಿಗೆಯನ್ನೇ ಕಿತ್ತಂತೆ. ಹವ್ಯಕರ ಮಾತು, ಕುಂದಾಪುರದ ಮಾತು ಬಂದಲ್ಲಿ ಆ ಮಾತನ್ನಾಡುವ ಒಬ್ಬರಿಂದ ಓದಿಸಿ. ನಾವು ತಪ್ಪೆಂದು ತಿಳಿದದ್ದು ಅಲ್ಲಿ ಸರಿಯಾಗಿರುತ್ತದೆ.

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯರೊಬ್ಬರಿಂದ): ನಮ್ಮದೂ ಇಂತಹದೇ ಯೋಜನೆ. ಇಬ್ಬರ ಕಥೆಗಳು ಈಗಾಗಲೇ ವಾರಪತ್ರಿಕೆಯಲ್ಲಿ ಬಂದಿವೆ. ಸಂಕಲನದಲ್ಲಿ ಸೇರಿಸಬಹುದೇ? ಸ್ನೇಹಿತರ ನಡುವೆ ಒಪ್ಪಂದಪತ್ರ ಬೇಕೇ?

ಉತ್ತರ: ಬೇಕು, ಸ್ನೇಹ ಉಳಿಯಬೇಕೆಂದೇ ಬೇಕು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಕಥೆ ಬರೆದವರೇ ಅದರ ಹಕ್ಕಿನ ಒಡೆಯರು, ಅದಕ್ಕೆ ನೋಂದಣಿಯೂ ಕಡ್ಡಾಯವಲ್ಲ. ಹಕ್ಕನ್ನು ಮತ್ತೊಬ್ಬರಿಗೆ ವರ್ಗಾಯಿಸುವುದಿದ್ದರೆ ಅದು ಬರವಣಿಗೆಯಲ್ಲಿ, ಸಹಿಯೊಡನೆ ಇರಲೇಬೇಕು. ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತವೆಂದೂ ಕಾನೂನು ತಿಳಿಯುತ್ತದೆ. ಅಮೆರಿಕದಲ್ಲೋ ದುಬೈಯಲ್ಲೋ ಇರುವ ಕನ್ನಡಿಗರಿಗೂ ಮಾರುವ ಆಲೋಚನೆಯಿದ್ದರೆ ಇದನ್ನು ಮರೆಯಬೇಡಿ. ಪತ್ರಿಕೆಗೆ ಬರೆದುಕೊಟ್ಟ ಷರತ್ತು ಏನಿತ್ತೆಂದು ಆ ಇಬ್ಬರೂ ನೋಡಿಕೊಳ್ಳಲಿ. ಹಕ್ಕನ್ನು ಬಿಟ್ಟುಕೊಟ್ಟಿಲ್ಲದಿದ್ದರೆ ಮರುಪ್ರಕಟಣೆಗೆ ಅಡ್ಡಿಯಿಲ್ಲ, ಆದರೂ ಪತ್ರಿಕೆಗೆ ಒಂದು ಪತ್ರ ಬರೆದು ತಿಳಿಸುವುದು ಮತ್ತು ಪುಸ್ತಕದಲ್ಲಿ ‘ಮೊದಲ ಪ್ರಕಟಣೆ’ ಎಂದು ನೆನೆಯುವುದು ಮರ್ಯಾದೆ.

ನಿಮ್ಮ ನಿಮ್ಮೊಳಗಿನ ಒಪ್ಪಂದ ಒಂದು ಹಾಳೆಯಷ್ಟಿದ್ದರೆ ಸಾಕು. ಈ ಸಂಕಲನದ ಮುದ್ರಿತ ಮತ್ತು ಇ-ಪುಸ್ತಕ ರೂಪಕ್ಕೆ ಮಾತ್ರ ಅನುಮತಿಯೆಂದೂ, ಲೇಖಕರು ಅದೇ ಕಥೆಯನ್ನು ಬೇರೆಡೆಯೂ ಬಳಸಬಹುದೆಂದೂ, ಅನುವಾದ, ನಾಟಕ, ಸಿನಿಮಾ ಹಕ್ಕುಗಳು ಆಯಾ ಲೇಖಕರವೇ ಎಂದೂ ಸ್ಪಷ್ಟವಾಗಿ ಬರೆಯಿರಿ. ಕಥೆ ತಮ್ಮದೇ ಸ್ವಂತ ರಚನೆಯೆಂದು ಪ್ರತಿಯೊಬ್ಬರೂ ಸಹಿ ಮಾಡಲಿ. ಯಾವ ದಿನದವರೆಗೆ ಕಥೆಯನ್ನು ಹಿಂತೆಗೆದುಕೊಳ್ಳಬಹುದು ಎಂಬುದೂ ಅದರಲ್ಲಿರಲಿ. ನಾನು ಕಂಡ ಒಂದು ಬಳಗದಲ್ಲಿ ಪುಟಗಳೆಲ್ಲ ಅಚ್ಚಾದ ಮೇಲೆ ಒಬ್ಬರು ಮನಸ್ತಾಪದಿಂದ ಕಥೆ ಬೇಡವೆಂದರು. ಹನ್ನೆರಡು ಪುಟ ಕಿತ್ತು ಮತ್ತೆ ಹೊಲಿಸಬೇಕಾಯಿತು. ಹಣಕ್ಕೆ ಇಬ್ಬರ ಜಂಟಿ ಖಾತೆ ತೆರೆಯಿರಿ, ಒಬ್ಬರ ಉಳಿತಾಯ ಖಾತೆಗೆ ಹಾಕಬೇಡಿ.

ಪ್ರಶ್ನೆ (ಶಿವಮೊಗ್ಗದ ಸದಸ್ಯೆ): ಕೆಲವರು ಕಂಪ್ಯೂಟರಿನ ‘ನುಡಿ’ ತಂತ್ರಾಂಶದಲ್ಲಿ, ಕೆಲವರು ಮೊಬೈಲಿನಲ್ಲಿ ಟೈಪ್ ಮಾಡುತ್ತಾರೆ. ಎಷ್ಟು ಪುಟವಾದೀತು, ಎಷ್ಟು ಪ್ರತಿ ಹಾಕಿಸಬೇಕು?

ಉತ್ತರ: ಎಲ್ಲರೂ ಯುನಿಕೋಡ್‌ನಲ್ಲೇ ಕೊಡಲಿ. ಎಲ್ಲ ಕಂಪ್ಯೂಟರು, ಮೊಬೈಲುಗಳೂ ಒಂದೇ ರೀತಿ ಓದುವ ಅಕ್ಷರಸಂಕೇತ ಅದು. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟ್‌ಗಳಿಂದ ಅದಕ್ಕೆ ಪರಿವರ್ತಿಸುವಾಗ ಹೆಚ್ಚು ಪೆಟ್ಟು ಬೀಳುವುದು ಅರ್ಕಾವತ್ತಿಗೆ: ‘ಕಾರ್ಯಕ್ರಮ’ ಹೋಗಿ ‘ಕಾಯರ್ಕ್ರಮ’ ಆಗುತ್ತದೆ, ‘ಧರ್ಮ’ ‘ಧಮರ್’ ಆಗುತ್ತದೆ. ಇಂತಹ ತಪ್ಪನ್ನು ಕಣ್ಣು ಸುಲಭವಾಗಿ ದಾಟಿಬಿಡುತ್ತದೆ. ಆದ್ದರಿಂದ ಕರಡನ್ನು ಕಾಗದದ ಮೇಲೆ ತೆಗೆದು, ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಮೂಲವನ್ನು ಹಿಡಿದು ಕೇಳಬೇಕು. ನಿಮ್ಮ ಕಥೆಯ ಕರಡನ್ನು ನೀವೇ ತಿದ್ದಬೇಡಿ. ನಿಮ್ಮ ಕಣ್ಣು ಅಲ್ಲಿರುವುದನ್ನಲ್ಲ, ನೀವು ಬರೆದೆನೆಂದುಕೊಂಡದ್ದನ್ನು ಓದುತ್ತದೆ.

ಡೆಮಿ 1/8 ಆಕಾರದಲ್ಲಿ (ಕನ್ನಡ ಕಥೆ-ಕಾದಂಬರಿಗಳ ಸಾಮಾನ್ಯ ಅಳತೆ), 12 ಪಾಯಿಂಟ್ ಅಕ್ಷರದಲ್ಲಿ ಪುಟಕ್ಕೆ ಸುಮಾರು 230 ಪದ ಹಿಡಿಯುತ್ತದೆ. ಕಥೆಗೆ 2,500 ಪದದ ಮಿತಿಯಿಟ್ಟರೆ ಹದಿನಾಲ್ಕು ಕಥೆಗೆ 35,000 ಪದ, ಅಂದರೆ 152 ಪುಟದ ಆಸುಪಾಸು. ಶೀರ್ಷಿಕೆ, ಪರಿವಿಡಿ, ಮುನ್ನುಡಿಗೆ ಎಂಟು ಪುಟ ಸೇರಿಸಿದರೆ 160. ಪ್ಲೇಟು ಮಾಡಿ ಅಚ್ಚು ಹಾಕುವ ಆಫ್‌ಸೆಟ್ ಮುದ್ರಣವಾದರೆ, ಹದಿನಾರು ಪುಟದ ಫಾರಂ (ಒಟ್ಟಿಗೆ ಅಚ್ಚಾಗಿ ಮಡಚುವ ಪುಟಗಳ ಕಟ್ಟು) ಲೆಕ್ಕದಲ್ಲಿ ಸರಿಯಾಗಿ ಹತ್ತು ಫಾರಂ. ಪುಟಸಂಖ್ಯೆ 163 ಆದರೆ ಹನ್ನೊಂದನೆಯ ಫಾರಂ ಬೇಕಾಗಿ ಹದಿಮೂರು ಪುಟ ಖಾಲಿ ಉಳಿಯುತ್ತದೆ, ಅದಕ್ಕೂ ದುಡ್ಡು ತೆರಬೇಕು. ಕಾಗದ 70 ಜಿ.ಎಸ್.ಎಂ. (ಚದರ ಮೀಟರಿಗೆ 70 ಗ್ರಾಂ ತೂಗುವ) ಮ್ಯಾಪ್ಲಿಥೋ, ಅಂದರೆ ಹೊಳಪಿಲ್ಲದ ಮುದ್ರಣ ಕಾಗದ, ಸಾಕು.

ಪ್ರತಿಗಳ ಬಗ್ಗೆ ಮುದ್ರಕರು ‘ಸಾವಿರ ಹಾಕಿಸಿದರೆ ಪ್ರತಿಯ ಬೆಲೆ ಅರ್ಧಕ್ಕಿಳಿಯುತ್ತದೆ’ ಎನ್ನುತ್ತಾರೆ. ಆಫ್‌ಸೆಟ್‌ನಲ್ಲಿ ಪ್ಲೇಟಿನ ಮತ್ತು ಯಂತ್ರ ಸಜ್ಜುಗೊಳಿಸುವ ಖರ್ಚು ಎಷ್ಟು ಪ್ರತಿಗಾದರೂ ಒಂದೇ ಆಗಿರುವುದರಿಂದ ಆ ಮಾತು ಸುಳ್ಳಲ್ಲ. ಆದರೆ ಮಂಚದ ಕೆಳಗೆ ಉಳಿಯುವ ಏಳುನೂರು ಪ್ರತಿಗಳ ಲೆಕ್ಕ ಅದರಲ್ಲಿಲ್ಲ. ಪ್ಲೇಟು ಬೇಕಿಲ್ಲದ ಡಿಜಿಟಲ್ ಮುದ್ರಣದಲ್ಲಿ 300 ಪ್ರತಿ ಹಾಕಿಸಿ. ತಲಾ ಹತ್ತರಂತೆ ಲೇಖಕರಿಗೆ 140 ಹೋಗಿ 160 ಉಳಿಯುತ್ತದೆ. ಬೆಲೆ 200 ರೂಪಾಯಿ ಇಟ್ಟು ಅಂಗಡಿಗೆ ಶೇಕಡಾ 40 ಕಮಿಷನ್ ಕೊಟ್ಟರೆ ನಿಮಗೆ ಬರುವುದು ಪ್ರತಿಗೆ 120. ಎಲ್ಲವೂ ಮಾರಾಟವಾದರೂ 19,200 ರೂಪಾಯಿ, ನೀವು ಹಾಕುವ 42,000ದ ಅರ್ಧಕ್ಕಿಂತ ಕಡಿಮೆ. ಈ ಲೆಕ್ಕವನ್ನು ಹಣ ಕೇಳುವ ಮೊದಲೇ ಎಲ್ಲರ ಮುಂದಿಡಿ.

ಪ್ರಶ್ನೆ (ಮೈಸೂರಿನ ಸದಸ್ಯರೊಬ್ಬರಿಂದ): ಐಎಸ್‌ಬಿಎನ್ (ಪುಸ್ತಕದ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ) ಮಾಡಿಸಿಕೊಡಲು ಮಧ್ಯವರ್ತಿಯೊಬ್ಬರು ಹಣ ಕೇಳುತ್ತಿದ್ದಾರೆ. ಕೊಡಬೇಕೇ?

ಉತ್ತರ: ಕೊಡಬೇಕಿಲ್ಲ. ಭಾರತದಲ್ಲಿ ಐಎಸ್‌ಬಿಎನ್ ಉಚಿತ. ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಗೆ ಆನ್‌ಲೈನ್‌ನಲ್ಲಿ ನೀವೇ ಅರ್ಜಿ ಹಾಕಬಹುದು, ಸ್ವಂತವಾಗಿ ಪ್ರಕಟಿಸುವ ಲೇಖಕರಿಗೂ ಅವಕಾಶವಿದೆ. ಸಂಖ್ಯೆ ಬರಲು ಸಮಯ ಹಿಡಿಯುವುದರಿಂದ ಕರಡು ತಿದ್ದುವಾಗಲೇ ಹಾಕಿ. ಇ-ಪುಸ್ತಕಕ್ಕೆ ಬೇರೆ ಸಂಖ್ಯೆ ತೆಗೆದುಕೊಳ್ಳಿ. ಪುಸ್ತಕ ಬಂದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿಯನ್ನು ನಿಮ್ಮ ಖರ್ಚಿನಲ್ಲಿ ಕಳುಹಿಸಬೇಕೆಂದು 1954ರ ಪುಸ್ತಕ ಸಲ್ಲಿಕೆ ಕಾಯಿದೆ ಹೇಳುತ್ತದೆ. ಅನೇಕರು ಇದನ್ನು ಮಾಡುವುದಿಲ್ಲ, ನೀವು ಮಾಡಿ.

ಪ್ರಶ್ನೆ (ಶಿವಮೊಗ್ಗದ ಸದಸ್ಯೆ): ಕೊನೆಯದು. ಯಾರ ಕಥೆ ಮೊದಲು ಬರಬೇಕೆಂದು ಈಗಲೇ ಮುಸುಕಿನ ಚರ್ಚೆ ನಡೆದಿದೆ. ಅಕಾರಾದಿಯಲ್ಲಿ ಹಾಕಿಬಿಡೋಣವೇ?

ಉತ್ತರ: ಬೇಡ, ಅಕಾರಾದಿ ಲೇಖಕರಿಗೆ ನ್ಯಾಯವೆನಿಸಿದರೂ ಓದುಗರಿಗೆ ಅದರಿಂದ ಉಪಕಾರವಿಲ್ಲ. ಎರಡು ಸಾವಿನ ಕಥೆಗಳು ಒಂದರ ಹಿಂದೆ ಒಂದು ಬಂದರೆ ಎರಡನೆಯದು ಸೊರಗುತ್ತದೆ. ಕ್ರಮವನ್ನು ಸಂಪಾದಕರಿಗೇ ಬಿಡುವುದಾಗಿ ಒಪ್ಪಂದದ ಹಾಳೆಯಲ್ಲಿ ಒಂದು ಸಾಲು ಸೇರಿಸಿ. ಮುಖಪುಟದಲ್ಲಿ ಯಾರ ಹೆಸರೂ ಬೇಡ, ಹದಿನಾಲ್ಕು ಹೆಸರುಗಳನ್ನೂ ಒಂದೇ ಅಳತೆಯ ಅಕ್ಷರದಲ್ಲಿ ಹಿಂಬದಿಗೆ ಹಾಕಿ, ಅಲ್ಲಿ ಅಕಾರಾದಿ ಇರಲಿ.